ಬಿಟ್ಟುಹೋದ ಒಂದು ಅಕ್ಷರ

೧೨ ಮಾರ್ಚ್, ಗುರುವಾರ, ಬರ್ನೊ

ಬೆಳಿಗ್ಗೆ ಸರ್ವರ್ ನನ್ನನ್ನು ಒಳಗೇ ಬಿಡಲಿಲ್ಲ. ನಿನ್ನೆ ಸಹೋದ್ಯೋಗಿ ರಾದೊವಾನ್ ನನ್ನನ್ನು ಬ್ಯಾಕಪ್ ಗುಂಪಿಗೆ ಸೇರಿಸಿದಾಗ ನಿರ್ವಾಹಕರ ಗುಂಪಿನಿಂದ ನನ್ನ ಹೆಸರು ಹಾರಿಹೋಗಿದೆ. ಗುಂಪಿಗೆ ಸೇರಿಸಲು ಕಂಪ್ಯೂಟರಿಗೆ ಕೊಡುವ ಆದೇಶದಲ್ಲಿ 'ಜಿ' ಅಕ್ಷರದ ಜೊತೆ 'ಎ' ಹಾಕದಿದ್ದರೆ ಹಳೆಯ ಗುಂಪುಗಳೆಲ್ಲ ಅಳಿಸಿಹೋಗುತ್ತವೆ.

"ನೀನು ಬರೆದ ಕೈಪಿಡಿ ನೋಡ್ಕೊಂಡೇ ಮಾಡಿದ್ದು, ಮಹಾರಾಯ್ತಿ. 'ಜಿ ಗುಂಪಿಗೆ ಸೇರಿಸುತ್ತದೆ' ಅಂತಷ್ಟೇ ಇದೆ," ಎಂದ, ಗಸಗಸೆ ತುಂಬಿದ ಕೊಲಾಚ್ ಬನ್ನು ಮೆಲ್ಲುತ್ತಾ. ನಿಜ, ಅಷ್ಟೇ ಇತ್ತು. ನಾಚಿಕೆಯಾಯಿತು. ಆದರೂ ಮುಖ್ಯಸ್ಥರ ಹುದ್ದೆಗೆ ನಾವಿಬ್ಬರೂ ಅರ್ಜಿ ಹಾಕಿರುವ ವಾರದಲ್ಲೇ ಇದಾಗಬೇಕೇ?

ಸಂಜೆ ಆ ಸಾಲು ತಿದ್ದಿದೆ: "ಎ ಇಲ್ಲದಿದ್ದರೆ ಉಳಿದ ಗುಂಪುಗಳಿಂದ ತೆಗೆದುಹಾಕುತ್ತದೆ." ಪರಿಶೀಲನೆಗೆ ಅವನಿಗೇ ಕಳಿಸಿದೆ. ನಿಮಿಷದೊಳಗೆ ಉತ್ತರ ಬಂತು.

"ಇದನ್ನೂ ಬರೀಬೇಕಾ? ಯಾರಿಗೆ ಗೊತ್ತಿಲ್ಲ ಇದು?"

ಮಲಗಿದವಳು ಮತ್ತೆ ಎದ್ದು ಕೂತಿದ್ದೇನೆ. ಹಾಗಾದರೆ ನಿನ್ನೆ ಅವನಿಗೆ ಇದು ಗೊತ್ತಿತ್ತಲ್ಲವೇ?