ಅತ್ತೆಯ ಕಾಲಿಗೆ ನೋವು ಬರುವುದರೊಳಗೆ

ದಾಕ್ಷಾಯಣಿ,

ಮೊದಲ ಬಸ್ಸಿಗೆ ಗದಗಿನ ದವಾಖಾನೆಗೆ ಹೊರಟಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿದೆ. ಹಾಲು ಕಾಯಿಸಿಡು, ಬೆಕ್ಕನ್ನು ನಂಬಬೇಡ.

ನಿನ್ನೆ ಅಜ್ಜಿಯ ಮೊಣಕಾಲು ಬದಲಿಸಿದ ಮೇಲೆ ತೊಡೆಯ ನರಕ್ಕೆ ಇಂಜೆಕ್ಷನ್ ಕೊಟ್ಟಿದ್ದಾರೆ. ಕಾಲು ಮರಗಟ್ಟಿ ನೋವೇ ಇಲ್ಲ. ರಾತ್ರಿ ಅಜ್ಜಿ ನನ್ನ ಕೈ ಹಿಡಿದು, "ಇಲ್ಲೆ ಕುಂಡ್ರವಾ, ನಿನ್ನಂಗ ರೊಟ್ಟಿ ನನಗೂ ಬಡಿಯಾಕ ಬರಂಗಿಲ್ಲ. ಇನ್ನೊಂದು ಮಾತು ಐತಿ, ನಾಳಿಗೆ ಹೇಳ್ತೀನಿ" ಎಂದು ಮಲಗಿಬಿಟ್ಟರು. ಇಪ್ಪತ್ತು ವರ್ಷ ನನ್ನನ್ನು ಬೈದದ್ದು ಅತ್ತೆಯಲ್ಲ, ಆ ಮೊಣಕಾಲೇ ಇರಬೇಕು.

ಜಕ್ಕಲಿಯ ಚಿಗವ್ವ ಬಂದರೆ ಅಜ್ಜಿಗೆ ನೋವಿಲ್ಲ ಎಂದು ಹೇಳಬೇಡ, ತಾನೂ ಆಪರೇಷನ್ ಮಾಡಿಸಿಕೊಳ್ಳುತ್ತೇನೆಂದು ಹೊರಟಾಳು.

ಮಧ್ಯಾಹ್ನಕ್ಕೆ ಇಂಜೆಕ್ಷನ್ನಿನ ಪರಿಣಾಮ ಇಳಿಯುತ್ತದಂತೆ. ಅಷ್ಟರೊಳಗೆ ಆ ಮಾತು ಕೇಳಿಬಿಡಬೇಕು. ಆಮೇಲಿನ ಬೈಗುಳಕ್ಕೂ ನಾನೇ ಬೇಕು. ನೋವಾದಾಗ ಅವರು ಕೂಗುವುದು ನಿಮ್ಮಪ್ಪನನ್ನಲ್ಲ, ನನ್ನನ್ನು.

ಅವ್ವ