ಸೂಜಿ ಬೇಡ ಎಂದದ್ದು ನಾನೇ

ದರ್ಜೆಲೈ
೧೮ ಅಕ್ಟೋಬರ್ ೧೯೯೭, ಶನಿವಾರ

ನನ್ನ ಸ್ತೆಫಾ,

ಯೇಸು ಕ್ರಿಸ್ತನಿಗೆ ಮಹಿಮೆ. ನೀನೂ ಗಿಂತಾರೆಯೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ಕ್ಷೇಮವಾಗಿರಲಪ್ಪಾ ಎಂದು ಬೇಡಿಕೊಳ್ಳುತ್ತಲೇ ಬರೆಯುತ್ತಿದ್ದೇನೆ. ನಿನ್ನ ಕಾಗದ ಈ ತಿಂಗಳ ನಾಲ್ಕಕ್ಕೇ ಬಂದಿತ್ತು. ಇಷ್ಟು ತಡವಾಗಿ ಉತ್ತರ ಬರೆಯುವುದಕ್ಕೆ ಕಾಯಿಲೆಯ ನೆಪ ಹೇಳಬಹುದಿತ್ತು, ಹೇಳುವುದಿಲ್ಲ.

ನಿನ್ನೆ ಕಳಿಸಿದ ಟೆಲಿಗ್ರಾಮ್ ಸಿಕ್ಕಿತು ತಾನೇ? "ಪೊಲ್ಯಾಗೆ ತಲೆ ಕೆಟ್ಟಿದೆ" ಎಂದು ಅದನ್ನು ಪಕ್ಕಕ್ಕಿಟ್ಟಿದ್ದರೆ, ಈ ಕಾಗದವನ್ನು ಇಲ್ಲಿಗೇ ನಿಲ್ಲಿಸಿ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು. ಇಸಿಜಿ ತೆಗೆಸು. ಉಳಿದದ್ದನ್ನು ಅಲ್ಲಿನ ಬೆಂಚಿನ ಮೇಲೆ ಕೂತು ಓದು.

ವರೆನಾದ ಅಂಚೆ ಕಚೇರಿಯ ಹುಡುಗಿ ನನ್ನ ಚೀಟಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿದಳು. "'ಗಿಂತಾರೆಯ ಹೃದಯ ಇವತ್ತೇ ತೋರಿಸು.' ಅಜ್ಜಿ, ಹೃದಯ ಅನ್ನೋದು ಬೇಕಾ? ಓದಿದವರು ಹೆದರ್ಕೋತಾರೆ."

"ಹೆದರ್ಕೊಳ್ಳಲಿ ಅಂತಲೇ ಹಾಕಿರೋದು ಕಣಮ್ಮ. ಒತ್ತು ನೀನು."

"ಕಾರಣ ಏನೂ ಬರೆದಿಲ್ವಲ್ಲ?"

"ಕಾರಣ ಹೇಳೋಕೆ ನಿನ್ನ ಟೆಲಿಗ್ರಾಮ್ ಸಾಲದು," ಎಂದೆ. ಆ ಕಾರಣವನ್ನು ಈಗ ಬರೆಯುತ್ತಿದ್ದೇನೆ.

ನಿನ್ನ ಕಾಗದದ ಒಂದೊಂದು ಸಾಲೂ ನನಗೆ ಬಾಯಿಪಾಠವಾಗಿದೆ. ಸೆಪ್ಟೆಂಬರ್ ಕೊನೆಯಿಂದ ಅವಳ ಬಲ ಮೊಣಕಾಲು ಊದಿಕೊಂಡಿದೆ. ನಾಲ್ಕನೆಯ ಮಹಡಿಗೆ ಹತ್ತುವಾಗ ಎರಡು ಕಡೆ ಕೂರುತ್ತಾಳೆ. ಶಿಶುವಿಹಾರದಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಾ ಪಿಯಾನೋ ಮೇಲೆಯೇ ಕುಸಿದಳು. ರಕ್ತಪರೀಕ್ಷೆ ಮಾಡಿಸೋಣವೆಂದರೆ, "ಪೊಲ್ಯಾ ಆಂಟಿ ಸೂಜಿ ಬೇಡ ಅಂದಿದ್ದಾರೆ" ಎಂದು ಹಟ ಹಿಡಿದಿದ್ದಾಳೆ. ಕೊನೆಗೆ ನೀನು ಬರೆದಿದ್ದೆ: "ಆಗಸ್ಟ್‌ನಲ್ಲಿ ನೀನು ಮಂತ್ರಿಸಿದ ಮೇಲೆ ಅವಳ ಮೊಣಕಾಲಿನ ಹಿಂದೆ ಚರ್ಮ ಕೆಂಪಗಾಗಿ ಎದ್ದಿದ್ದ ಗುಲಾಬಿ ಮೂರು ವಾರಕ್ಕೆ ಗುರುತೇ ಇಲ್ಲದಂತೆ ಹೋಯಿತು. ಅದೇ ಕೈಯಿಂದ ಇನ್ನೊಂದು ರೊಟ್ಟಿ ಮಂತ್ರಿಸಿ ಅಂಚೆಯಲ್ಲಿ ಕಳಿಸು."

ರೊಟ್ಟಿ ಮಾಡಿದ್ದೆ ಸ್ತೆಫಾ. ಕಾಗದ ಬಂದ ಮರುದಿನವೇ ಕರಿ ರೊಟ್ಟಿ ಸುಟ್ಟು, ಉಪ್ಪು ಸವರಿ, ಒಂದೇ ಉಸಿರಿನಲ್ಲಿ ಮೂರು ಸಲ ಮಂತ್ರ ಹೇಳಿ ಬಟ್ಟೆಯಲ್ಲಿ ಸುತ್ತಿದೆ. ಅಂಚೆ ಕಚೇರಿಯ ಬಾಗಿಲವರೆಗೂ ಹೋಗಿ ವಾಪಸು ಬಂದೆ. ಮರುದಿನವೂ ಹಾಗೆಯೇ ಮಾಡಿದೆ. ಮೂರನೆಯ ದಿನ ನನ್ನ ಯಜಮಾನ ಕಜಿಸ್ ಅದನ್ನು ಮೇಕೆಗೆ ಹಾಕಿದ. "ಮಂತ್ರದ ರೊಟ್ಟಿ ತಿಂದು ಇದಕ್ಕೆ ಮಾತು ಬಂದರೆ ಒಳ್ಳೇದಾಯ್ತು, ನೀನಂತೂ ಎರಡು ದಿನದಿಂದ ಬಾಯೇ ಬಿಟ್ಟಿಲ್ಲ," ಎಂದ. ಅವನ ಹಾಸ್ಯ ನಿನಗೆ ಗೊತ್ತಲ್ಲ. ನನಗೆ ನಗು ಬರಲಿಲ್ಲ.

ನನ್ನ ಕಾಯಿಲೆಯ ವಿಷಯ ನಿನಗೆ ಪೂರ್ತಿ ಹೇಳಿರಲಿಲ್ಲ. ಆಗಸ್ಟ್‌ನ ಹಬ್ಬಕ್ಕೆ ಬಂದಾಗ ನೀನು ಕಂಡದ್ದು ನನ್ನ ಒಳ್ಳೆಯ ದಿನ. ಇದು ಶುರುವಾದದ್ದು ಕಳೆದ ಚಳಿಗಾಲದಲ್ಲಿ. ಮೊದಲು ಕುತ್ತಿಗೆ ಬಿಗಿಯಿತು, ಕಟ್ಟಿಗೆ ಹೊತ್ತದ್ದಕ್ಕೆ ಎಂದುಕೊಂಡೆ. ಆಮೇಲೆ ಮೊಣಕಾಲು. ಅದು ಇಳಿಯುತ್ತಲೇ ಭುಜ. ಮನೆಯಲ್ಲಿ ಯಾರೋ ಬೇಡದ ನೆಂಟ ಬಂದು ದಿನಕ್ಕೊಂದು ಕೋಣೆಯಲ್ಲಿ ಮಲಗುತ್ತಿದ್ದಾನೇನೋ ಅನ್ನಿಸುತ್ತಿತ್ತು. ಫೆಬ್ರವರಿಯ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಿದ್ದರೆ ಬಾಯಿಯ ಮೂಲೆಯಿಂದ ಸೋರಿ ರವಿಕೆಯೆಲ್ಲ ಒದ್ದೆ. "ಏನೇ, ಒಂದೇ ಕಡೆಯಿಂದ ನಗ್ತಿದೀಯ? ಇನ್ನೊಂದು ಕಡೆ ಯಾರಿಗೆ ಇಟ್ಟಿದೀಯ?" ಎಂದ ಕಜಿಸ್. ಎಡಗಡೆಯ ಮುಖ ಪೂರ್ತಿ ಸತ್ತುಹೋಗಿತ್ತು, ಕಣ್ಣು ಮುಚ್ಚುತ್ತಿರಲಿಲ್ಲ. ಅದನ್ನು ಕಂಡ ಮೇಲೆ ಅವನೂ ತಮಾಷೆ ಬಿಟ್ಟು ಗಾಡಿಗೆ ಕುದುರೆ ಹೂಡಿ ಆಸ್ಪತ್ರೆಗೆ ಕರೆದೊಯ್ದ.

ಉಣುಗು ಕಚ್ಚಿ ಬರುವ ಕಾಯಿಲೆಯಂತೆ. ಹೆಸರು ಲೈಮ್, ಅಮೆರಿಕದಲ್ಲಿ ಯಾವುದೋ ಊರಂತೆ ಅದು. ನಮ್ಮ ಕಾಡಿನ ಹುಳ ನಮ್ಮ ರಕ್ತ ಕುಡಿದು ಬರುವ ಕಾಯಿಲೆಗೆ ಅವರ ಊರಿನ ಹೆಸರು! ಅರುವತ್ತೊಂದು ವರ್ಷ ಅಣಬೆ, ಬೆರ್ರಿ ಎಂದು ಕಾಡಿನಲ್ಲೇ ಕಳೆದವಳು ನಾನು. ಮೈಯಿಂದ ಉಣುಗು ಕಿತ್ತು ಎಸೆದದ್ದಕ್ಕೆ ಲೆಕ್ಕವಿದೆಯೇ? ಇಪ್ಪತ್ತೊಂದು ದಿನ ತೋಳಿಗೆ ಬಾಟಲಿ ನೇತುಹಾಕಿದರು. ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ಮಾತ್ರೆಯ ಜೊತೆ ಹಾಲು ಕುಡಿಯಬಾರದು, ಬಿಸಿಲಿಗೆ ಹೋದರೆ ಮುಖ ಬೆಂದ ಬೀಟ್‌ರೂಟ್ ಆಗುತ್ತದೆ. ಜುಲೈಯಲ್ಲಿ ಮತ್ತೆ ಕಾಲು ಹಿಡಿಯಿತು, ಮತ್ತೆ ಮಾತ್ರೆ. ಈಗ ನಡೆಯುತ್ತಿರುವುದು ಮೂರನೆಯ ಸುತ್ತು. ಗುಣವಾಯಿತು ಎಂದು ಡಾಕ್ಟರಮ್ಮನೂ ಹೇಳುವುದಿಲ್ಲ, ನಾನೂ ಕೇಳುವುದನ್ನು ಬಿಟ್ಟಿದ್ದೇನೆ.

ಆದರೆ ಇಷ್ಟು ದಿನದಲ್ಲಿ ಅದರ ಹೆಜ್ಜೆ ಸಪ್ಪಳ ನನಗೆ ಪರಿಚಯವಾಗಿಬಿಟ್ಟಿದೆ. ಬೆಳಿಗ್ಗೆ ಎದ್ದಾಗ ಅಂಗೈ ಜುಮ್ಮೆಂದರೆ ಸಂಜೆಗೆ ಮೊಣಕಾಲು ಊದುತ್ತದೆ. ಮಾತು ತಡವರಿಸಿದ ದಿನ ತಲೆ ಭಾರ. ಒಂದು ದಿನ ಮೇಕೆಯನ್ನು ಕಜಿಸ್ ಎಂದು ಕರೆದೆ, ಎರಡೂ ತಿರುಗಿ ನೋಡಿದವು. ಅದಕ್ಕೇ, ಗಿಂತಾರೆಯ ಮೊಣಕಾಲಿನಲ್ಲಿ ಕೂತಿರುವವನು ಯಾರೆಂದು ನಾನು ಕಾಗದದಲ್ಲೇ ಗುರುತಿಸಿದೆ. ಗುರುತಿಸಿಯೂ ಇರಲಾರದು, ಇರಲಾರದು ಎಂದು ನನಗೇ ಸಮಾಧಾನ ಹೇಳಿಕೊಂಡೆ.

ಈ ಬುಧವಾರ ತಪಾಸಣೆಗೆಂದು ಎರಡು ದಿನ ವರೆನಾದ ಆಸ್ಪತ್ರೆಗೆ ಸೇರಿದೆ. ಕಿಟಕಿಯ ಬಳಿ ರೋಗಿಗಳೆಲ್ಲ ಸೇಬು ಸುಲಿಯುತ್ತಾ ಕೂರುತ್ತಾರೆ. ಗುರುವಾರ ಅಲ್ಲಿ ವೈದೋತಾಸ್ ಎಂಬ ಅರಣ್ಯ ರಕ್ಷಕ ಸಿಕ್ಕಿದ. ನಲವತ್ತೆರಡು ವರ್ಷ, ಓಕ್ ಮರದ ಹಾಗಿನ ಆಳು.

"ಅಜ್ಜಿ, ದರ್ಜೆಲೈ ಕಡೆ ಈ ಸಲ ಅಣಬೆ ಚೆನ್ನಾಗಿ ಎದ್ದಿದೆಯಂತೆ? ಎಲ್ಲಿ ಅಂತ ಕೇಳಲ್ಲ ಬಿಡಿ, ಕತ್ತು ಕುಯ್ದರೂ ನೀವು ಹೇಳಲ್ಲ."

"ನಲವತ್ತು ವರ್ಷದಿಂದ ಕಟ್ಟಿಕೊಂಡವನಿಗೇ ಹೇಳಿಲ್ಲ, ನಿನಗೆ ಹೇಳ್ತೀನಾ?" ಎಂದೆ. ಹೊಟ್ಟೆ ಹಿಡಿದು ನಕ್ಕ. ನಗು ಮುಗಿಯುವಷ್ಟರಲ್ಲಿ ಅವನ ಮುಖ ಬಿಳಿಚಿಕೊಂಡು, ಕಿಟಕಿಯ ಚೌಕಟ್ಟು ಹಿಡಿದುಕೊಂಡ.

"ಏನಾಯ್ತಪ್ಪಾ?"

"ಏನಿಲ್ಲ. ಎದೆ ಒಂದೊಂದು ಸಲ ಬಡಿಯೋದನ್ನೇ ಮರೆತುಬಿಡತ್ತೆ. ಮೊದಲು ಮೊಣಕಾಲು ಹಿಡೀತು. ಆಮೇಲೆ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಮನೆಯವಳು, ಕುಡಿದು ಬಂದಿದೀಯ ಅಂತ ಬಾಗಿಲೇ ತೆಗೀಲಿಲ್ಲ." ಆಗಸ್ಟ್‌ನಲ್ಲಿ ಸೊಂಟದಲ್ಲಿ ಕೆಂಪಗೆ ಉಂಗುರದಂಥ ಗುರುತು ಎದ್ದಿತ್ತಂತೆ. ಬೆಲ್ಟ್ ಉಜ್ಜಿದ್ದು ಎಂದುಕೊಂಡನಂತೆ. ಅದು ತಾನಾಗಿಯೇ ಹೋಯಿತಂತೆ. ಅವನ ಮಣಿಕಟ್ಟು ಹಿಡಿದು ಗೋಡೆ ಗಡಿಯಾರ ನೋಡಿ ಎಣಿಸಿದೆ. ನಿಮಿಷಕ್ಕೆ ಮೂವತ್ತಾರು. ಮತ್ತೆ ಎಣಿಸಿದೆ, ಮೂವತ್ತಾರೇ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವನನ್ನು ವಿಲ್ನಿಯಸ್‌ಗೆ ಕರೆದೊಯ್ದು ಎದೆಗೆ ಬಡಿತ ಕೊಡುವ ಯಂತ್ರದ ತಂತಿ ಹಾಕಿಸುವುದೆಂದು ಗೊತ್ತಾಗಿತ್ತು. ಏಳಕ್ಕೆ ನಾನು ಎರಡು ಸೇಬು ಹಿಡಿದುಕೊಂಡು ಹೋದೆ. ಹಾಸಿಗೆ ಮಡಿಸಿ ಇಟ್ಟಿದ್ದರು. ಕಿಟಕಿ ತೆರೆದಿತ್ತು. ನರ್ಸು ನನ್ನ ಕೈಯಲ್ಲಿದ್ದ ಸೇಬು ನೋಡಿ, "ಬೆಳಗಿನ ಜಾವ ಹೋಗ್ಬಿಟ್ರು ಅಜ್ಜಿ" ಎಂದಳು. ಅಲ್ಲಿಂದ ನೇರವಾಗಿ ಅಂಚೆ ಕಚೇರಿಗೆ ಬಂದೆ, ಬಿಡುಗಡೆಯ ಚೀಟಿಗೂ ಕಾಯಲಿಲ್ಲ.

ಈಗ ಹಬ್ಬದ ದಿನದ ಮಾತು. ಗಿಂತಾರೆಯ ಮೊಣಕಾಲಿನ ಹಿಂದೆ ನೀನು ತೋರಿಸಿದ್ದು ಗುಲಾಬಿಯಲ್ಲ. ನಮ್ಮಜ್ಜಿ ನನಗೆ ಮಂತ್ರ ಕೊಟ್ಟದ್ದು ಸುಡುವ, ಊದುವ, ಜ್ವರ ಬರಿಸುವ, ನಾವು ಗುಲಾಬಿ ಎನ್ನುವ ಚರ್ಮದ ರೋಗಕ್ಕೆ. ಇದು ಸುಡುತ್ತಿರಲಿಲ್ಲ, ನೋಯುತ್ತಿರಲಿಲ್ಲ. ತಣ್ಣಗೆ ಹರಡಿಕೊಂಡಿತ್ತು, ನಡುವೆ ಬಿಳಿಚಿತ್ತು. ಉಣುಗು ಕಚ್ಚಿದಲ್ಲಿ ಏಳುವ ಉಂಗುರ ಅದು. ಡಾಕ್ಟರಮ್ಮ ಪುಸ್ತಕದಲ್ಲಿ ಅದರ ಚಿತ್ರ ತೋರಿಸಿದ್ದಾರೆ. ಆ ಉಂಗುರ ಯಾರೂ ಮುಟ್ಟದಿದ್ದರೂ ಕೆಲವು ವಾರಕ್ಕೆ ತಾನಾಗಿಯೇ ಮಾಯವಾಗುತ್ತದೆ, ಕಾಯಿಲೆ ಮಾತ್ರ ಒಳಗೆ ಇಳಿಯುತ್ತದೆ. ಅಂದು ನನ್ನ ಕಣ್ಣು ಮಂಜಾಗಿತ್ತು, ಹಿತ್ತಲ ಬಾಗಿಲಲ್ಲಿ ಬೆಳಕೂ ಸಾಲದಾಗಿತ್ತು, ನಾನು ಗುಲಾಬಿ ಎಂದೆ. ನಲವತ್ತು ವರ್ಷದಲ್ಲಿ ಇಂಥ ಎಷ್ಟು ಉಂಗುರಗಳಿಗೆ ಮಂತ್ರಿಸಿ ಹೊಗಳಿಸಿಕೊಂಡೆನೋ! ನಿನ್ನೆಯಿಂದ ಊರಿನ ಒಬ್ಬೊಬ್ಬರನ್ನೂ ನೆನೆಯುತ್ತಿದ್ದೇನೆ. ಯಾರು ಕುಂಟುತ್ತಾರೆ, ಯಾರು ಮಾತಿನ ನಡುವೆ ಮಾತು ಮರೆಯುತ್ತಾರೆ, ಚರ್ಚಿಗೆ ಹತ್ತುವಾಗ ಯಾರು ನಿಂತು ಉಸಿರು ಎಳೆಯುತ್ತಾರೆ. ಬೇಲಿಯಾಚೆ ಯಾರಾದರೂ ಕೆಮ್ಮಿದರೂ ಬೆಚ್ಚಿ ಬೀಳುತ್ತೇನೆ.

ಗಿಂತಾರೆಗೆ ಹೇಳು: ಅವಳ ದೀಕ್ಷಾಸ್ನಾನಕ್ಕೆ ಜ್ಞಾನತಾಯಿಯಾಗಿ ನಿಂತ ನಾನು ಹಾಕಿದ ಕಟ್ಟನ್ನು ನಾನೇ ಬಿಚ್ಚಿದ್ದೇನೆ. ಸೂಜಿ ಚುಚ್ಚಿಸಬಹುದು, ಚುಚ್ಚಿಸಲೇಬೇಕು. ರಕ್ತ ಕೊಡಲಿ, ತೋಳಿಗೆ ಬಾಟಲಿ ಹಾಕಿದರೆ ಹಾಕಿಸಿಕೊಳ್ಳಲಿ. ಮಂತ್ರಿಸಿದವರಿಗೆ ಧನ್ಯವಾದ ಹೇಳಬಾರದೆಂಬ ನಿಯಮಕ್ಕೆ ಅವಳು ಅಂದು ತುಟಿ ಕಚ್ಚಿಕೊಂಡು, ಬರಿಯ ಕಣ್ಣಲ್ಲೇ ನಕ್ಕು ಹೋದಳು. ಒಳ್ಳೆಯ ಹುಡುಗಿ, ಹೇಳಿದ್ದನ್ನು ಕೇಳುವವಳು. ಅದಕ್ಕೇ ನನಗೆ ಹೆದರಿಕೆ. ಡಾಕ್ಟರ ಹತ್ತಿರ ನಾಚಿಕೆ ಬೇಡ. "ಕಾಡಿನ ಊರಿಗೆ ಹೋಗಿದ್ದೆವು, ಉಣುಗಿನ ಉಂಗುರ ಎದ್ದಿತ್ತು, ಒಬ್ಬ ಮುದುಕಿ ಮಂತ್ರಿಸಿದಳು" ಎಂದು ಇದ್ದದ್ದು ಇದ್ದ ಹಾಗೆ ಹೇಳು. ನನ್ನ ಹೆಸರೂ ಹೇಳು. ಅವಳು ಒಬ್ಬಳೇ ಮೆಟ್ಟಿಲು ಹತ್ತದಿರಲಿ. ಸ್ನಾನದ ಮನೆಯ ಚಿಲಕ ಹಾಕದಿರಲಿ. ಮಲಗಿದಾಗ ನಾಡಿ ಎಣಿಸು, ಐವತ್ತಕ್ಕಿಂತ ಕಡಿಮೆಯಿದ್ದರೆ ಬೆಳಗಾಗಲಿ ಎಂದು ಕಾಯಬೇಡ.

ಇಲ್ಲಿ ಆಲೂಗಡ್ಡೆ ಅಗೆದು ಮುಗಿಯಿತು. ಅಣಬೆ ಉಪ್ಪಿಗೆ ಹಾಕಿದ್ದು ಎರಡು ಪೀಪಾಯಿ ಇದೆ. ಕಜಿಸ್‌ಗೆ ನಾನು ಒಲೆಯ ಪಕ್ಕ ಕೂತು ಬರೆಯುತ್ತಿರುವುದು ಏನೆಂದು ಗೊತ್ತಿಲ್ಲ. "ಸ್ತೆಫಾಗೆ ನನ್ನ ನಮಸ್ಕಾರ ಬರಿ, ಆ ಹುಡುಗಿಗೆ ಬೇಗ ಮದುವೆ ಮಾಡು ಅನ್ನು, ಕುಣಿಯೋದಕ್ಕೆ ನನ್ನ ಕಾಲು ಇನ್ನೂ ಗಟ್ಟಿಯಿದೆ" ಎನ್ನುತ್ತಿದ್ದಾನೆ. ಬರೆದಿದ್ದೇನೆ.

ದೇವಮಾತೆ ನಿಮ್ಮಿಬ್ಬರನ್ನೂ ತನ್ನ ಸೆರಗಿನಲ್ಲಿ ಇಟ್ಟುಕೊಳ್ಳಲಿ. ಗಿಂತಾರೆಯ ಹಣೆಯ ಮೇಲೆ ನನ್ನ ಪರವಾಗಿ ಶಿಲುಬೆಯ ಗುರುತು ಹಾಕು. ಏನಾಯಿತೆಂದು ಎರಡೇ ಮಾತಿನ ಟೆಲಿಗ್ರಾಮ್ ಕಳಿಸು, ಒಳ್ಳೆಯದಾಗಲಿ, ಇನ್ನೊಂದಾಗಲಿ. ಅಂಚೆಯವನ ಸೈಕಲ್ ಕಂಡರೆ ನಾನು ಒಳಗೆ ಓಡಿಹೋಗುವುದಿಲ್ಲ ಎಂದು ಮಾತು ಕೊಡುತ್ತೇನೆ.

ನಿನ್ನವಳೇ,
ಪೊಲ್ಯಾ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಕಣ್ಣು ಮಂಜಾಗಿತ್ತು, ಬೆಳಕು ಸಾಲದಾಗಿತ್ತು ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಡಾಕ್ಟರಮ್ಮ ಆ ಚಿತ್ರ ತೋರಿಸಿದ್ದು ಮೇ ತಿಂಗಳಲ್ಲಿ. ಗಿಂತಾರೆ ಲಂಗ ಸರಿಸಿದ ಕ್ಷಣವೇ ನನಗೆ ಗೊತ್ತಾಯಿತು. ಇದು ನನ್ನ ಕೆಲಸವಲ್ಲ, ಆಸ್ಪತ್ರೆಗೆ ಹೋಗು ಮಗಾ ಎನ್ನಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಮನೆಯ ಮಾರ್ಸೆಲೆ ಬೆಂಚಿನಿಂದ, "ಸೊಟ್ಟ ಬಾಯಲ್ಲಿ ಮಂತ್ರ ನೆಟ್ಟಗೆ ಬರತ್ತೇನ್ರೇ?" ಎಂದಳು. ಹೆಂಗಸರೆಲ್ಲ ನಕ್ಕರು. ಫೆಬ್ರವರಿಯಿಂದ ಮಂತ್ರಕ್ಕೆಂದು ನನ್ನ ಹೊಸ್ತಿಲು ಯಾರೂ ತುಳಿದಿರಲಿಲ್ಲ ಸ್ತೆಫಾ. ರೊಟ್ಟಿ ತನ್ನಿ ಎಂದೆ. ಸೂಜಿ ಬೇಡ ಎಂದದ್ದೂ, ಸೂಜಿ ಚುಚ್ಚಿದರೆ ಮಂತ್ರ ಕೆಡುತ್ತದೆಂಬ ಅಜ್ಜಿಯ ನಿಯಮಕ್ಕಲ್ಲ. ಡಾಕ್ಟರು ನೋಡಿದರೆ ಅದು ಗುಲಾಬಿಯಲ್ಲ ಎಂದು ಊರಿಗೆಲ್ಲ ಗೊತ್ತಾಗುತ್ತದಲ್ಲ, ಅದಕ್ಕೆ. ಇದನ್ನು ಗಿಂತಾರೆಗೆ ಓದಿ ಹೇಳು. ಅವಳು ನನಗೆ ಶಾಪ ಹಾಕಲಿ. ಶಾಪ ಹಾಕುವಷ್ಟು ಉಸಿರು ಅವಳಲ್ಲಿ ಇರಲಿ.