ವೆಬ್‌ಸ್ಟರ್ ಅಂದರೆ ನೇಯುವವಳು

ತಿರುಮಕೂಡಲು ನರಸೀಪುರ
ಭಾನುವಾರ, ೧೫ ಸೆಪ್ಟೆಂಬರ್ ೨೦೨೪

ನನ್ನ ಅಮ್ಮನಿಗೆ,

ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ನಾನೂ ಅಪ್ಪನೂ ಚೆನ್ನಾಗಿದ್ದೇವೆ. ಮೇಘನಕ್ಕನಿಗೆ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದಕ್ಕೆ ನೀನೇ ಚನ್ನರಾಯಪಟ್ಟಣಕ್ಕೆ ಬಾಣಂತನಕ್ಕೆ ಹೋದೆಯಲ್ಲ, ಆಮೇಲೆ ಇಲ್ಲಿ ಒಂದು ದೊಡ್ಡ ವಿಷಯ ನಡೆದುಹೋಯಿತು. ಫೋನಿನಲ್ಲಿ ಹೇಳಲು ನೋಡಿದೆ. ಒಂದು ಸಲ ಆ ಕಡೆ ಮಗು ಅತ್ತಿತು, ಇನ್ನೊಂದು ಸಲ ಈ ಕಡೆ ಅಪ್ಪ ಪಕ್ಕದಲ್ಲೇ ಬಂದು ಕೂತರು. ಅಕ್ಕ ಮಲಗಿದ ಮೇಲೆ ನೀನೊಬ್ಬಳೇ ಕೂತು ಓದು.

ನಮ್ಮ ಮನೆಯ ಹೆಸರಿನ ಕಥೆಯನ್ನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೀನು ಕೇಳುತ್ತಲೇ ಇದ್ದೀಯ. ವೆಬ್‌ಸ್ಟರ್ ಎಂಬ ಇಂಗ್ಲಿಷ್ ಇಂಜಿನಿಯರ್ ನಾಲೆ ಸರ್ವೆಗೆ ಬಂದನಂತೆ, ಅಪ್ಪನ ಅಜ್ಜಿ ಪುಟ್ಟಮಾದಮ್ಮನನ್ನು ಮೆಚ್ಚಿದನಂತೆ, ಅವರಿಗೆ ಹುಟ್ಟಿದವರೇ ನಮ್ಮ ಮಹದೇವಜ್ಜನಂತೆ. ಅಪ್ಪನ ಬೆಕ್ಕಿನ ಕಣ್ಣು ನೋಡಿದವರು ಯಾರೂ ಇದನ್ನು ಅನುಮಾನಿಸಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ 'ಏನ್ ದೊರೆ' ಅಂದರೆ ಅಪ್ಪನ ಎದೆ ಒಂದಿಂಚು ಮುಂದೆ ಬರುತ್ತಿತ್ತು. ನೀರಾವರಿ ಇಲಾಖೆಯಲ್ಲಿ ಇದ್ದಷ್ಟು ವರ್ಷವೂ ಕಂಟ್ರಾಕ್ಟರುಗಳ ಕವರನ್ನು ವಾಪಸು ತಳ್ಳಿ, "ದೊರೆ ರಕ್ತ ಕಣಯ್ಯ ಇದು, ಕೈ ಚಾಚಲ್ಲ" ಎನ್ನುತ್ತಿದ್ದರು. ಆಗ ನೀನು ಅಡುಗೆಮನೆಯಲ್ಲಿ ನಗುತ್ತಿದ್ದೆ. ನನಗೆ ಮಾತ್ರ ಚಿಕ್ಕಂದಿನಿಂದ ಅದು ಹೆಮ್ಮೆಯೇ. ನಂಜನಗೂಡಿನ ನಮ್ಮ ಕಾಲೇಜಿನಲ್ಲಿ ಹಾಜರಿ ಕೂಗುವಾಗ ಮಕ್ಕಳು ನನ್ನ ಹೆಸರು ಕೇಳಿ ತಿರುಗಿ ನೋಡಿದರೆ ಒಳಗೊಳಗೇ ಹಿಗ್ಗುತ್ತಿದ್ದೆ.

ಇಂಗ್ಲೆಂಡಿನಲ್ಲಿ ವೆಬ್‌ಸ್ಟರ್ ಹೆಸರಿನವರದೇ ಒಂದು ಗುಂಪಿದೆ. ಯಾರು ಯಾರ ವಂಶದವರೆಂದು ಡಿಎನ್‌ಎ ಪರೀಕ್ಷೆ ಮಾಡಿಸಿ ಹೋಲಿಸಿ ನೋಡುತ್ತಾರೆ. ಅದನ್ನು ನಡೆಸುವವರು ಒಬ್ಬ ನಿವೃತ್ತ ಟೀಚರಮ್ಮ. ನಾನು ಬಯಾಲಜಿ ಪಾಠ ಮಾಡುವವಳಲ್ಲವೇ, ಕುತೂಹಲಕ್ಕೆ ಅವರಿಗೊಂದು ಮೇಲ್ ಹಾಕಿದೆ. ಮೈಸೂರು ಸೀಮೆಯ ವೆಬ್‌ಸ್ಟರ್ ಎಂದರೆ ಅವರಿಗೂ ಖುಷಿಯೋ ಖುಷಿ. ಅಪ್ಪನಂತೂ ಕೆನ್ನೆಯ ಒಳಗೆ ಕಡ್ಡಿ ಸವರಿ ಕೊಡುವಾಗ ಫೋಟೋ ತೆಗಿ ಎಂದರು. "ರಿಸಲ್ಟ್ ಬರ್ಲಿ, ಫ್ರೇಮ್ ಹಾಕ್ಸಿ ಹಾಲ್‌ನಲ್ಲಿ ತಗಲಾಕ್ತೀನಿ" ಎಂದರು.

ರಿಸಲ್ಟ್ ಬಂದ ದಿನ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿದ್ದೆ. ಓದಿದೆ, ಮತ್ತೆ ಓದಿದೆ. ಅಜ್ಜ ಇಂಗ್ಲಿಷಿನವನ ಮಗನಾಗಿದ್ದರೆ ಅಪ್ಪನಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಆ ಕಡೆಯದು ಇರಬೇಕಿತ್ತು. ಒಂದು ಚೂರೂ ಇರಲಿಲ್ಲ ಅಮ್ಮ. ಗಂಡಸರಲ್ಲಿ ಅಪ್ಪನಿಂದ ಮಗನಿಗೆ ಇಳಿದುಬರುವ ಭಾಗವೂ ಅಷ್ಟೇ, ಅಲ್ಲಿನ ಯಾವ ವೆಬ್‌ಸ್ಟರನಿಗೂ ತಾಳೆಯಾಗಲಿಲ್ಲ. ಅದು ನಮ್ಮ ಈ ಕಾವೇರಿ ಸೀಮೆಯಲ್ಲಿ ಎಲ್ಲೆಲ್ಲೂ ಸಿಗುವಂಥದು. ಬೆಕ್ಕಿನ ಕಣ್ಣಿಗೆ ದೊರೆಯೇ ಬೇಕಾಗಿಲ್ಲ, ನಮ್ಮ ಜನರಲ್ಲೂ ಅಂಥ ಕಣ್ಣಿನವರು ಹುಟ್ಟುತ್ತಾರೆ. ನಾನೇ ಎಷ್ಟೋ ಸಲ ಪಾಠ ಮಾಡಿದ್ದೇನೆ, ನಮ್ಮ ಮನೆಯ ವಿಷಯದಲ್ಲಿ ಮಾತ್ರ ಮರೆತಿದ್ದೆ.

ಟೀಚರಮ್ಮ ಜೊತೆಗೆ ಎರಡು ಸಾಲು ಬರೆದಿದ್ದರು. ಬೇಸರ ಪಡಬೇಡ ಮಗಳೇ, ಇಲ್ಲಿನ ವೆಬ್‌ಸ್ಟರುಗಳೂ ಒಂದೇ ವಂಶದವರಲ್ಲ, ಅದು ಕಸುಬಿನಿಂದ ಬಂದ ಹೆಸರು, ಉತ್ತರ ಇಂಗ್ಲೆಂಡಿನ ಊರೂರಲ್ಲೂ ನೇಯುವವರನ್ನು ಹಾಗೆ ಕರೆಯುತ್ತಿದ್ದರು, ಮೊದಮೊದಲು ಅದರ ಅರ್ಥ ನೇಯುವವಳು, ಹೆಂಗಸು, ಎಂದು.

ಅಪ್ಪನಿಗೆ ಹೇಳದೆ ನಾಲ್ಕು ದಿನ ತಳ್ಳಿದೆ. ಅವರೇ ಕೇಳಿದರು. ಹೇಳಿಬಿಟ್ಟೆ.

"ಮಿಷನ್ ತಪ್ಪಿರ್ಬೇಕು" ಎಂದರು.

"ಇಲ್ಲಪ್ಪ. ಆ ಇಂಜಿನಿಯರ್‌ಗೂ ನಮಗೂ ಸಂಬಂಧ ಇಲ್ಲ."

ಎದ್ದು ಹೋಗಿ ಜಗಲಿಯ ಮೇಲೆ ಕೂತರು. ಊಟಕ್ಕೆ ಕರೆದರೆ ಬರಲಿಲ್ಲ. ಕೊನೆಗೆ, "ಹಂಗಾದ್ರೆ ನಾನು ಯಾರು ಕಣವ್ವ?" ಎಂದರು. ನೆಟ್ಟಗೆ ನಡೆಯುತ್ತಿದ್ದ ಮನುಷ್ಯ, ಆಮೇಲಿನ ದಿನಗಳಲ್ಲಿ ಬಸ್‌ಸ್ಟ್ಯಾಂಡಿನ ಕಡೆಗೇ ಹೋಗಲಿಲ್ಲ. ಹಾಲಿಗೆ ನಾನೇ ಹೋಗಿ ಬರುತ್ತಿದ್ದೆ. ನನಗೆ ಭಯವಾಯಿತು. ಅವರು ಬದುಕಿಡೀ ಯಾವುದಕ್ಕೆ ಆತು ನಿಂತಿದ್ದರೋ ಅದನ್ನು ನಾನೇ ಕೈಯಾರೆ ಕಿತ್ತಿದ್ದೆ. ಬದಲಿಗೆ ಏನನ್ನಾದರೂ ತಂದು ಕೊಡಲೇಬೇಕಿತ್ತು. ಆಗ ನೆನಪಾದವರು ದೇವನೂರಿನ ದೇವೀರತ್ತೆ. ಅಪ್ಪನ ಸ್ವಂತ ಅಕ್ಕ ನಮ್ಮ ಮನೆಗೆ ಯಾಕೆ ಬರುವುದಿಲ್ಲ ಎಂದು ನೀನು ಎಷ್ಟು ಸಲ ಕೇಳಿಲ್ಲ! ಪುಟ್ಟಮಾದಮ್ಮನ ಮಡಿಲಲ್ಲಿ ಬೆಳೆದವರು ಅವರೊಬ್ಬರೇ ಉಳಿದಿರುವುದು. ಮಧ್ಯಾಹ್ನದ ಕ್ಲಾಸು ಮುಗಿಸಿ ನಂಜನಗೂಡಿನಿಂದಲೇ ಬಸ್ಸು ಹತ್ತಿದೆ.

ಅತ್ತೆ ಹಿತ್ತಲಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದರು. ಎಂಬತ್ತು ದಾಟಿದ್ದರೂ ಕಣ್ಣು ಚುರುಕು. "ಏನವ್ವ, ದೊರೆ ಮಗಳು ನಮ್ಮ ಅಟ್ಟಿಗೆ ಬಂದ್ಬುಟ್ಟವ್ಳೆ?" ಎಂದರು. ಪರೀಕ್ಷೆಯ ವಿಷಯ ಹೇಳಿದೆ. ಅವರ ಕೈ ನಿಂತಿತು.

"ಎಂಜಲು ನೋಡಿ ಏಳುದ್ರಾ? ದೊರೆ ಅಲ್ಲ ಅಂತ?"

"ಹೂಂ ಅತ್ತೆ."

ಸೆರಗಿನಿಂದ ಮುಖ ಒರೆಸಿಕೊಂಡರು. "ಮೂರು ತಲೆಮಾರಿಂದ ನಮ್ಮಜ್ಜೀಗೆ ಬೈಕೊಂಡು ಬಂದ್ರಿ ಕಣವ್ವ ನೀವು. ಅದ್ನೇ ಒಗಳಿಕೆ ಅನ್ಕೊಂಡ್ರಿ. ಬಾ, ಕುಂತ್ಕ."

ಆಮೇಲೆ ಅವರು ಹೇಳಿದ್ದನ್ನು ನನಗೆ ನೆನಪಿದ್ದಷ್ಟು ಅವರದೇ ಮಾತಿನಲ್ಲಿ ಬರೆಯುತ್ತೇನೆ.

"ಮಾಜ್ವರದ ವರ್ಷ (೧೯೧೮ರ ಇನ್‌ಫ್ಲುಯೆಂಜಾ ಇರಬೇಕು ಅಮ್ಮ) ಅಜ್ಜಿ ಗಂಡ ಓದ. ಮನೆಮನೇಲೂ ಎಣ. ಒಟ್ಟೇಲಿ ನಮ್ಮಪ್ಪ. ಗಂಡನ್ನ ತಿಂದ್ಕೊಂಡೋಳು ಅಂತ ಅತ್ತೆ ಮನೆಯೋರು ಬಸುರೀನ ಆಚೆಗೆ ತಳ್ಳಿ ಬಾಗ್ಲು ಆಕ್ಕೊಂಡ್ರು. ಆಗ ನರಸೀಪುರದ ಒಳೆ ತಾವ ಒಂದು ಚಿಕ್ಕ ಆಸ್ಪತ್ರೆ ಇತ್ತು. ಅದ್ರಾಗೆ ಒಬ್ಬಳೇ ಬಿಳೀ ನರ್ಸು. ವೆಬ್‌ಸ್ಟರ್ ಅಂತ ಅವಳ ಎಸರು, ನಮ್ಮೋರು ವೆಬ್ಸಮ್ಮ ಅನ್ನೋರು. ಮರದ ಕೆಳಗೆ ಬಿದ್ದಿದ್ದ ಅಜ್ಜೀನ ಕರ್ಕೊಂಡೋಗಿ ಎರಿಗೆ ಮಾಡ್ಸುದ್ಲು. ಅಲ್ಲೇ ಇಟ್ಕೊಂಡು ಕೆಲ್ಸ ಕಲ್ಸುದ್ಲು. ದಾರ ಕುದಿಸ್ಕಂಡು ಒಕ್ಕುಳಬಳ್ಳಿ ಕಟ್ಟೋದು, ಅಡ್ಡ ನಿಂತ ಕೂಸ್ನ ತಿರುಗ್ಸೋದು, ಎಲ್ಲಾನೂ."

ಕೆಲವು ವರ್ಷಗಳ ಮೇಲೆ ವಾಂತಿಭೇದಿ ಬಂತಂತೆ. ವೆಬ್ಸಮ್ಮನಿಗೇ ತಗುಲಿತು. ಆಸ್ಪತ್ರೆಯ ಆಳುಗಳು ಓಡಿಹೋದರು. ಪುಟ್ಟಮಾದಮ್ಮ ಮಗುವನ್ನು ದೂರದ ಮನೆಯೊಂದರಲ್ಲಿ ಬಿಟ್ಟು ತಾನು ಅವಳ ಹತ್ತಿರವೇ ಉಳಿದಳು. ಗಂಜಿ ಕುಡಿಸಿದಳು, ಹೇಸದೆ ಎಲ್ಲ ಬಳಿದಳು. ಉಳಿಸಿಕೊಳ್ಳಲಾಗಲಿಲ್ಲ. ಹೂಳಲು ಗಂಡಸರು ಯಾರೂ ಬರಲಿಲ್ಲವೆಂದು ತಾನೇ ಹಾರೆ ಹಿಡಿದು ಹೊಳೆಯ ದಂಡೆಯಲ್ಲಿ ಗುಂಡಿ ತೋಡಿದಳಂತೆ.

"ನಮ್ಮಪ್ಪನ್ನ ಇಸ್ಕೂಲಿಗೆ ಸೇರ್ಸಕ್ಕೆ ಓದಾಗ ಮೇಷ್ಟ್ರು ಮನೆತನದ ಎಸರೇನು ಅಂದ್ರಂತೆ. ಅಜ್ಜಿ ಅಂದ್ಲಂತೆ, ಅವ್ರು ನಮ್ಮನ್ನ ಬ್ಯಾಡ ಅಂದವ್ರೆ, ಅವ್ರ ಎಸರು ನಮಗೂ ಬ್ಯಾಡ. ಈ ಕೂಸ್ನ ಮೊದಲು ಎತ್ಕೊಂಡ ಕೈ ವೆಬ್ಸಮ್ಮಂದು, ಅವಳ ಎಸರೇ ಬರೀರಿ. ಮೇಷ್ಟ್ರು ಬರ್ಕೊಂಡ್ರು."

ಪುಟ್ಟಮಾದಮ್ಮನ ಅತ್ತೆ ಮನೆಯವರು ಅದನ್ನೇ ಹಿಡಿದುಕೊಂಡು, ಮಗು ದೊರೆಗೆ ಹುಟ್ಟಿದ್ದೆಂದು ಪುಕಾರು ಹಬ್ಬಿಸಿದರು. ಅಜ್ಜ ಬೀದಿಯಲ್ಲಿ ಅದನ್ನೇ ಕೇಳುತ್ತ, ಹೊಡೆತ ತಿನ್ನುತ್ತ ಬೆಳೆದರು. ನಾಲೆ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ, ಹೌದು, ನಾನು ದೊರೆ ಮಗನೇ, ಏನೀಗ ಎಂದು ತಿರುಗಿಬಿದ್ದರು. ಬೈಗುಳವೇ ಬಿರುದಾಯಿತು. ಎದುರಿಗಿದ್ದವರು ತಣ್ಣಗಾದರು. ನಾಲೆ ಸರ್ವೆಯ ಇಂಜಿನಿಯರನ್ನು ಹುಟ್ಟಿಸಿದ್ದೂ ಅಜ್ಜನೇ, ಆಮೇಲೆ ಆ ಸುಳ್ಳನ್ನು ಬಿಡಲೇ ಇಲ್ಲ. ಅದು ತಪ್ಪೆಂದ ಹುಡುಗಿ ದೇವೀರಮ್ಮನ ಕೆನ್ನೆಗೆ ಬಾರಿಸಿದರು. ತನ್ನ ಮದುವೆಯಾದ ಮೇಲೆ ತಮ್ಮನಿಗಾದರೂ ಹೇಳೋಣವೆಂದು ಅತ್ತೆ ಬಂದರೆ, ಅಪ್ಪ "ನಿಂಗೇನ್ ಗೊತ್ತು ಬಿಡಕ್ಕ" ಎಂದು ನಕ್ಕರಂತೆ. ಅವತ್ತಿನಿಂದ ಅತ್ತೆ ಈ ಹೊಸಿಲು ತುಳಿಯಲಿಲ್ಲ.

ಪುಟ್ಟಮಾದಮ್ಮನಿಗೆ ಬೇಜಾರಾಗುತ್ತಿರಲಿಲ್ಲವೇ ಎಂದು ಕೇಳಿದೆ.

"ನಾನೂ ಕೇಳಿದ್ದೆ ಕಣವ್ವ. ನಕ್ಕುಬುಟ್ಲು. ಅವನು ಎದೆ ಸೆಟೆಸ್ಕೊಂಡು ನಿಲ್ಲಕ್ಕೆ ಅದೇ ಬೇಕು ಅಂದ್ರೆ ನಿಂತ್ಕಳ್ಳಿ ಬುಡು, ನನ್ ಮಾನ ನಂಗೊತ್ತು ಅಂದ್ಲು. ಸಾಯೋಗಂಟ ಸೂಲಗಿತ್ತಿ ಆಗಿದ್ಲು. ಎರಡು ಒಳೆ ನಡುವೆ ಅವಳ ಕೈ ಸೋಕದ ಮನೆ ಇರ್ನಿಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ಅತ್ತುಬಿಟ್ಟೆ ಅಮ್ಮ. ದುಃಖಕ್ಕಲ್ಲ. ದೊರೆಯೊಬ್ಬ ಬಿಟ್ಟುಹೋದ ಹೆಸರು ಎಂದುಕೊಂಡಿದ್ದೆ. ಹೆಂಗಸೊಬ್ಬಳು ಇನ್ನೊಬ್ಬ ಹೆಂಗಸಿನಿಂದ ಪ್ರೀತಿಯಿಂದ ತೆಗೆದುಕೊಂಡ ಹೆಸರು ಇದು. ಯಾವ ಲ್ಯಾಬಿನಲ್ಲಿ ಸಿಕ್ಕೀತು?

ಅಪ್ಪನಿಗೆ ಎಲ್ಲ ಹೇಳಿದೆ. ಕೊನೆಯವರೆಗೂ ಕೇಳಿದರು. "ಒಬ್ಳೇ ಗುಂಡಿ ತೋಡುದ್ಲಾ?" ಎಂದು ಮಾತ್ರ ಕೇಳಿದರು. "ಹಾಗಾದರೆ ಕಂಟ್ರಾಕ್ಟರುಗಳಿಗೆ ಕೈ ಚಾಚದೆ ಇದ್ದದ್ದು ಯಾವ ರಕ್ತವಪ್ಪ?" ಎಂದೆ. ಎದ್ದು ಹೋಗಿ ಮುಖ ತೊಳೆದುಕೊಂಡರು. ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ದೇವನೂರಿಗೆ ಹೊರಟರು. ಅಕ್ಕ ತಮ್ಮ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಸಂಜೆ ಬಸ್ಸಿನಿಂದ ಇಬ್ಬರೂ ಇಳಿದರು. ಅಪ್ಪ ಅತ್ತೆಯ ಕೈ ಹಿಡಿದುಕೊಂಡಿದ್ದರು, ಇನ್ನೊಂದು ಕೈಯಲ್ಲಿ ಅವರ ಬ್ಯಾಗು. ಅತ್ತೆ ಈಗ ಇಲ್ಲೇ ಇದ್ದಾರೆ. ನಿನ್ನ ಸಾಂಬಾರ್ ಪುಡಿಗೆ ಕೊತ್ತಂಬರಿ ಜಾಸ್ತಿಯಂತೆ.

ಮೊನ್ನೆ ಗುರುವಾರ ನಾಲೆ ನೀರಿನ ವಿಷಯಕ್ಕೆ ರೈತರ ಸಭೆಯಿತ್ತು. ಅಪ್ಪನನ್ನು ಸಲಹೆಗೆ ಕರೆದಿದ್ದರು, ನಾನೂ ಜೊತೆಗೆ ಹೋಗಿದ್ದೆ. ಬಾಗಿಲಲ್ಲೇ ಒಬ್ಬ ಮೆಂಬರು, "ಬನ್ನಿ ಬನ್ನಿ ದೊರೆ, ನಿಮ್ಮ ತಾತ ತೋಡ್ಸಿದ್ ನಾಲೆ, ನೀವಿಲ್ದಿದ್ರೆ ಆಯ್ತದಾ" ಎಂದು ಎಲ್ಲರನ್ನೂ ನಗಿಸಿದ. ನಾನು ಅಪ್ಪನ ಕಡೆ ತಿರುಗಿದೆ. ಅಪ್ಪ ನಿಂತರು. ಮೊದಲಿನ ಹಾಗೆಯೇ, ನೆಟ್ಟಗೆ.

"ದೊರೆಗೀರೆ ಏನಿಲ್ಲ ಕಣಯ್ಯ. ನಾನು ಸೂಲಗಿತ್ತಿ ಪುಟ್ಟಮಾದಮ್ಮನ ಮೊಮ್ಮಗ. ನಿಮ್ಮಪ್ಪ ಅಡ್ಡ ನಿಂತಿದ್ದಾಗ ತಿರುಗ್ಸಿ ಈಚೆಗೆ ತಗ್ದೋಳು ನಮ್ಮಜ್ಜಿ. ಮನೇಲಿ ದೊಡ್ಡೋರಿದ್ರೆ ಕೇಳ್ನೋಡು."

ನಗು ನಿಂತಿತು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಮುದುಕರು ನಿಧಾನವಾಗಿ ಎದ್ದು, "ದಿಟ ಕಣ್ಲಾ. ನಾನೂ ಆವಮ್ಮನ ಕೈಲೇ ಉಟ್ಟಿದ್ದು" ಎಂದರು. ಅವರ ಪಕ್ಕದವರು ತಾವೂ ಎಂದರು. ಆಮೇಲೆ ನೀರಿನ ಮಾತು ಶುರುವಾಗಲು ತುಂಬ ಹೊತ್ತು ಹಿಡಿಯಿತು. ಅಪ್ಪನ ಮುಖವನ್ನು ಆಗ ನೀನು ನೋಡಬೇಕಿತ್ತು ಅಮ್ಮ.

ಅಕ್ಕನಿಗೆ ತಂಪು ತಾಗದಂತೆ ನೋಡಿಕೋ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು. ಪಾಪುವಿಗೆ ಮುತ್ತು.

ನಿನ್ನ ಮಗಳು,
ಧನುಶ್ರೀ ವೆಬ್‌ಸ್ಟರ್

ಮರೆತದ್ದು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಬಿಟ್ಟಿದ್ದು. ಅಪ್ಪನದರ ಜೊತೆ ನನ್ನ ಕೆನ್ನೆಯ ಕಡ್ಡಿಯನ್ನೂ ಲ್ಯಾಬಿಗೆ ಕಳಿಸಿದ್ದೆ. ಅಪ್ಪನಲ್ಲಿ ಚೂರೂ ಇಲ್ಲದ ಇಂಗ್ಲಿಷ್ ಪಾಲು ನನ್ನಲ್ಲಿದೆ, ನೂರಕ್ಕೆ ಆರು. ಅಪ್ಪನಿಂದ ಬಂದಿಲ್ಲವೆಂದರೆ ಉಳಿದವಳು ನೀನೊಬ್ಬಳೇ. ಲೆಕ್ಕದ ಪ್ರಕಾರ ನಿನ್ನ ಮುತ್ತಜ್ಜನೋ ಮುತ್ತಜ್ಜಿಯೋ ಇರಬೇಕು. ನಂಜನಗೂಡಿನ ಆ ನಿನ್ನ ಮಡಿವಂತ ತವರಿನಲ್ಲಿ ಇದನ್ನು ಯಾರ ಹತ್ತಿರ ಕೇಳಲಿ, ಹೇಳು. ಅಪ್ಪನಿಗೆ ತಿಳಿಸಿಲ್ಲ. ತಿಳಿದರೆ ಅವರು ನಿನ್ನನ್ನು ದೊರೆಸಾನಿ ಎನ್ನದೆ ಬಿಡುವುದಿಲ್ಲ.